ಚಳಿಗಾಲದಲ್ಲಿ ಮಂಡ್ಯ ಸೆಂಟರಿನ ಬಿಪಿ ಏರಿದೆ, ಮಾತ್ರೆ ಕೆಲಸ ಮಾಡಲಿಲ್ಲವಾ?

ಪ್ರಶ್ನೆ: ಮೇಡಂ, ನಮಸ್ತೆ. ಬಿಪಿ ಮಾತ್ರೆ ಕೆಲಸ ಮಾಡುತ್ತದಾ ಅಂತ ರೋಗಿಗಳಲ್ಲಿ ನೋಡುವ ಟ್ರಯಲ್ ಒಂದರಲ್ಲಿ ನಾನು ಮಂಡ್ಯ ಸೆಂಟರಿನ ಕೋಆರ್ಡಿನೇಟರ್. ಮೈಸೂರು ಸೇರಿ ಇನ್ನೂ ಕೆಲವು ಊರುಗಳಲ್ಲಿ ನಡೆದು ಈಗ ಮುಗಿದಿದೆ. ಡಿಸೆಂಬರ್, ಜನವರಿಯಲ್ಲಿ ನೋಡಿದ ನಮ್ಮವರ ಬಿಪಿ ಬೇರೆ ಊರಿನವರ ವರ್ಷಪೂರ್ತಿಯ ಸರಾಸರಿಗಿಂತ ಜಾಸ್ತಿ. ನಮ್ಮ ಸೆಂಟರನ್ನೇ ಲೆಕ್ಕದಿಂದ ಕೈಬಿಡೋಣ ಅನ್ನುತ್ತಿದ್ದಾರೆ. ಬೇಜಾರಾಗಿದೆ.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ. ಏರಿದ್ದು ಆ ಔಷಧ ಕೊಟ್ಟವರು, ಕೊಡದವರು ಎರಡೂ ಗುಂಪಿನಲ್ಲಾ, ಔಷಧ ತಗೊಂಡವರಲ್ಲಿ ಮಾತ್ರವಾ? ಚಳಿಗೆ ರಕ್ತನಾಳ ಬಿಗಿಯಾಗಿ ಬಿಪಿ ಏರುವುದು ಎಲ್ಲ ಕಡೆ ಕಂಡಿರುವ ವಿಷಯ. ಪ್ರತಿ ಸೆಂಟರಿನೊಳಗೇ ಚೀಟಿ ಎತ್ತಿದ ಹಾಗೆ ಗುಂಪು ಹಂಚಿದ್ದರೆ ಎರಡೂ ಗುಂಪಿಗೆ ಒಂದೇ ಚಳಿ. ನೋಡಬೇಕಾದ್ದು ಬಿಪಿ ಎಷ್ಟಿದೆ ಅಂತಲ್ಲ, ಎರಡು ಗುಂಪಿನ ನಡುವಿನ ಅಂತರ.

ಆದರೆ ಮೈಸೂರಿಗೂ ಅದೇ ಚಳಿ ಅಲ್ವಾ? ಹಾಗಾಗಿ ನಿಮ್ಮ ಸೆಂಟರ್ ಯಾವಾಗ ಶುರುವಾಯಿತು, ಬಿಪಿ ಹೇಗೆ ನೋಡುತ್ತಿದ್ದಿರಿ, ಅದನ್ನೂ ಹೇಳಿ.

ಪ್ರಶ್ನೆ: ಎರಡೂ ಗುಂಪಿನಲ್ಲಿ ಒಂದೇ ಥರ ಏರಿದೆ. ನಾವು ಶುರು ಮಾಡಿದ್ದೇ ದಸರಾ ಕಳೆದ ಮೇಲೆ. ಬೆಳಿಗ್ಗೆ ಹಳ್ಳಿ ಬಸ್ಸಿನಲ್ಲಿ ಬಂದವರನ್ನು ಹಾಗೇ ಕೂರಿಸಿ, ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿದ್ದೂ ಉಂಟು. ಇನ್ನೊಂದು ಊರಲ್ಲಿ ಮಾತ್ರೆಯಿಂದ ಉಪಯೋಗವೇ ಕಾಣುತ್ತಿಲ್ಲವಂತೆ. ಅದೂ ಹೀಗೇನಾ?

ಉತ್ತರ: ಅಲ್ಲ, ಅದು ಬೇರೆ. ಮೊದಲು ನಿಮ್ಮದು. ಬೇರೆಯವರ ಭೇಟಿಗಳು ವರ್ಷಪೂರ್ತಿ ಹರಡಿವೆ, ನಿಮ್ಮವು ಚಳಿಗಾಲಕ್ಕೇ ಬಿದ್ದಿವೆ. ಊರು, ಕಾಲ, ಸ್ವೆಟರ್ ಮೂರೂ ಕಲೆತುಹೋಗಿವೆ. ಬಿಡಿಸಲು ಆಗಲ್ಲ. ಆದರೂ ಅಂತರಕ್ಕೆ ಧಕ್ಕೆ ಇಲ್ಲ. ಐದು ನಿಮಿಷ ಕೂರಿಸದೆ ನೋಡಿದ್ದನ್ನೂ ವರದಿಯಲ್ಲಿ ಇದ್ದ ಹಾಗೇ ಬರೆಯಿರಿ. ಫಲಿತಾಂಶ ನೋಡಿದ ಮೇಲೆ ಸೆಂಟರ್ ತೆಗೆಯುವುದು ಮಾತ್ರ ತಪ್ಪು.

ಆ ಇನ್ನೊಂದು ಊರಿನದು ಬರೀ ಆಕಸ್ಮಿಕ ಇರಬಹುದು. ಹೃದಯಾಘಾತದಲ್ಲಿ ಆಸ್ಪಿರಿನ್ ಜೀವ ಉಳಿಸುತ್ತದೆ ಎಂದು 1988ರಲ್ಲಿ ತೋರಿಸಿದ ಐಸಿಸ್-2 ಎಂಬ ಟ್ರಯಲ್‌ನಲ್ಲಿ 17,187 ರೋಗಿಗಳಿದ್ದರು. ಅವರನ್ನೇ ಹುಟ್ಟಿದ ರಾಶಿ ಪ್ರಕಾರ ವಿಂಗಡಿಸಿದರೆ ಮಿಥುನ, ತುಲಾ ರಾಶಿಯವರಿಗೆ ಉಪಯೋಗವೇ ಕಾಣಲಿಲ್ಲ! ಸಣ್ಣ ಸಣ್ಣ ತುಂಡು ಮಾಡಿದರೆ ಎಲ್ಲೋ ಒಂದು ಕಡೆ ಸುಮ್ನೆ ಹೀಗೆ ಬರುತ್ತದೆ.

ಹಾಗಂತ ತಳ್ಳಿಹಾಕಲೂ ಬೇಡಿ. ಹೃದಯ ವೈಫಲ್ಯದವರಿಗೆ ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ಕೊಟ್ಟು ನೋಡಿದ ಟಾಪ್‌ಕ್ಯಾಟ್ ಟ್ರಯಲ್‌ನಲ್ಲಿ ರಷ್ಯಾ, ಜಾರ್ಜಿಯಾದ ಫಲಿತಾಂಶ ಅಮೆರಿಕ ಖಂಡಗಳದ್ದಕ್ಕಿಂತ ಬೇರೆಯೇ ಬಂತು. ಆಮೇಲೆ ಎತ್ತಿಟ್ಟ ರಕ್ತ ಪರೀಕ್ಷಿಸಿದರೆ, ಮಾತ್ರೆ ತಗೊಳ್ಳುತ್ತಿದ್ದೇವೆ ಎಂದಿದ್ದ ರಷ್ಯಾದ ಹಲವರಲ್ಲಿ ಔಷಧದ ಸುಳಿವೇ ಇರಲಿಲ್ಲ. ಆ ಊರಲ್ಲಿ ರೋಗಿಗಳು ವಾಪಸ್ ಕೊಟ್ಟ ಮಾತ್ರೆಗಳ ಎಣಿಕೆ ತರಿಸಿ ನೋಡಲು ನಿಮ್ಮ ಡಾಕ್ಟರಿಗೆ ಹೇಳಿ.