ಗಿಟಾರ್ ರೆಕಾರ್ಡಿಂಗ್: ಇನ್‌ಪುಟ್ ಗೇನ್ ಎಲ್ಲಿಗೆ ನಿಲ್ಲಿಸಬೇಕು?

ಒಂಟಿತಂತಿ:
ನಮಸ್ಕಾರ. ಎಲೆಕ್ಟ್ರಿಕ್ ಗಿಟಾರನ್ನು ನೇರವಾಗಿ ಆಡಿಯೋ ಇಂಟರ್‌ಫೇಸ್‌ಗೆ (ಗಿಟಾರಿನ ಸಿಗ್ನಲ್ ಅನ್ನು ಕಂಪ್ಯೂಟರ್‌ಗೆ ತಲುಪಿಸುವ ಪೆಟ್ಟಿಗೆ) ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಆಂಪ್ ಪ್ಲಗಿನ್ (ಆಂಪ್ಲಿಫೈಯರ್‌ನ ಸೌಂಡ್ ಕೊಡುವ ಸಾಫ್ಟ್‌ವೇರ್) ಇಟ್ಟುಕೊಂಡು ರೆಕಾರ್ಡ್ ಮಾಡುತ್ತಿದ್ದೇನೆ. ಒಂದೊಂದೇ ತಂತಿ ಮೆಲ್ಲಗೆ ಮೀಟಿದರೆ ಮೀಟರ್ ಮೈನಸ್ 30 ಡಿಬಿ (ಡೆಸಿಬೆಲ್) ಹತ್ತಿರ ಆಡುತ್ತದೆ, ಜೋರಾಗಿ ಸ್ಟ್ರಮ್ ಮಾಡಿದ ಕೂಡಲೇ ಇಂಟರ್‌ಫೇಸ್‌ನ ಲೈಟ್ ಕೆಂಪಾಗಿ ಸೌಂಡ್ ಒಡೆಯುತ್ತದೆ. ಗೇನ್ (ಒಳಬರುವ ಸಿಗ್ನಲ್ ಎಷ್ಟು ಹೆಚ್ಚಿಸಬೇಕು ಅನ್ನುವುದು) ಇಳಿಸಿದರೆ ವೇವ್‌ಫಾರ್ಮ್ (ಪರದೆಯ ಮೇಲಿನ ಸೌಂಡಿನ ಅಲೆ) ದಾರದ ಹಾಗೆ ತೆಳ್ಳಗೆ ಕಾಣುತ್ತದೆ. ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕ್‌ನ ಫೇಡರ್ ಇಳಿಸಿ ನೋಡಿದೆ, ಮೀಟರ್ ಕೆಳಗೆ ಬಂತು, ಆದರೆ ಒಡಕು ಹಾಗೇ ಇದೆ. ಕೆಲವರು ಮೈನಸ್ 18 ಅಂತಾರೆ, ಕೆಲವರು ಕೆಂಪು ಮುಟ್ಟದ ಹಾಗೆ ಎಷ್ಟಾಗುತ್ತೋ ಅಷ್ಟು ಏರಿಸು ಅಂತಾರೆ. ಯಾವುದನ್ನು ನಂಬಲಿ?

ಮೀಟರ್‌ಭಟ್ಟ:
ಫೇಡರ್ ವಿಷಯ ಮೊದಲು. ಅದು ರೆಕಾರ್ಡ್ ಆದಮೇಲೆ ಬರುವ ವಾಲ್ಯೂಮ್ ಅಷ್ಟೇ, ಒಳಗೆ ಬರುವ ಸಿಗ್ನಲ್‌ಗೆ ಅದರ ಸಂಬಂಧವೇ ಇಲ್ಲ. ಒಡೆಯುವುದು ಇಂಟರ್‌ಫೇಸ್‌ನಲ್ಲೇ. ಮೀಟರ್‌ನ ಕೊನೆಯ ಮಿತಿಯಾದ ಸೊನ್ನೆ ಡಿಬಿ ದಾಟಿದ ಅಲೆಯ ತುದಿ ಕತ್ತರಿಸಿ ಹೋಗುತ್ತದೆ, ಆಮೇಲೆ ಎಷ್ಟು ಇಳಿಸಿದರೂ ಕತ್ತರಿಸಿದ ತುದಿ ವಾಪಸ್ ಬರುವುದಿಲ್ಲ. ಹಾಗಾಗಿ ಮುಟ್ಟಬೇಕಾದದ್ದು ಇಂಟರ್‌ಫೇಸ್‌ನ ಗೇನ್ ನಾಬ್ ಒಂದನ್ನೇ.

ಹಾಡಿನಲ್ಲಿ ಎಲ್ಲಕ್ಕಿಂತ ಜೋರಾಗಿ ಬಾರಿಸುವ ಜಾಗ ಯಾವುದೋ ಅದನ್ನೇ ಬಾರಿಸಿ, ಗಿಟಾರಿನ ವಾಲ್ಯೂಮ್ ಪೂರ್ತಿ ಇಟ್ಟು. ಸುಮ್ನೆ ಟೆಸ್ಟಿಗೆ ಅಂತ ನಾಲ್ಕು ಸಲ ಕೈಯಾಡಿಸಿದರೆ ಸಾಲದು, ರೆಕಾರ್ಡಿಂಗ್ ಶುರುವಾದ ಮೇಲೆ ಕೈ ತಾನಾಗೇ ಜೋರಾಗುತ್ತದೆ. ಆಗ ಪೀಕ್ (ಸಿಗ್ನಲ್ ಏರುವ ಗರಿಷ್ಠ ಮಟ್ಟ) ಮೈನಸ್ 12ರಿಂದ ಮೈನಸ್ 10ರ ಆಸುಪಾಸಿನಲ್ಲಿ ಇರಲಿ, ಅಪರೂಪಕ್ಕೆ ಒಂದು ಹೊಡೆತ ಮೈನಸ್ 6 ಮುಟ್ಟಿದರೂ ಚಿಂತೆಯಿಲ್ಲ. ಮೆಲ್ಲಗಿನ ಭಾಗ ಮೈನಸ್ 30 ತೋರಿಸಿದರೆ ತೋರಿಸಲಿ ಬಿಡಿ.

ವೇವ್‌ಫಾರ್ಮ್ ತೆಳ್ಳಗೆ ಕಾಣುವುದು ಕಣ್ಣಿನ ಸಮಸ್ಯೆ, ಕಿವಿಯದ್ದಲ್ಲ. ಮೇಲೆ ಕೆಳಗೆ ಝೂಮ್ ಮಾಡಿ ನೋಡಿ. ಸೆಟ್ಟಿಂಗ್ 24 ಬಿಟ್ ಇದೆಯಾ ಅಂತ ಮಾತ್ರ ಒಮ್ಮೆ ಖಚಿತ ಮಾಡಿಕೊಳ್ಳಿ. 16 ಬಿಟ್‌ನಲ್ಲಿ ಲೆಕ್ಕದ ಪ್ರಕಾರ ಅತಿ ಮೆಲ್ಲಗಿನ ಸೌಂಡಿನಿಂದ ಅತಿ ಜೋರಿನವರೆಗೆ ಸಿಗುವ ಅಂತರ ಸುಮಾರು 96 ಡಿಬಿ, 24ರಲ್ಲಿ 144. ಒಂದು ಬಿಟ್‌ಗೆ 6 ಡಿಬಿ ಅಂತ ಹಿಡಿದರೆ, ಪೀಕ್ ಮೈನಸ್ 12ಕ್ಕೆ ಇಟ್ಟಾಗ ಹೋಗುವುದು ಎರಡೇ ಬಿಟ್. ಕೆಂಪಿನ ಅಂಚಿಗೆ ತಳ್ಳುವ ಅಭ್ಯಾಸ 16 ಬಿಟ್ ಕಾಲದ್ದು, ಈಗ ಅದಕ್ಕೆ ಅರ್ಥವಿಲ್ಲ.

ಹಳೇಪಿಕ್:
ಮೇಲಿನವರು ಹೇಳಿದ್ದು ಸರಿ. ಇನ್ನೊಂದು ನೋಡಿ, ಇನ್‌ಪುಟ್ ಪಕ್ಕದಲ್ಲಿ ಇನ್‌ಸ್ಟ್ರುಮೆಂಟ್ ಅಥವಾ ಹೈ ಝೆಡ್ ಅಂತ ಬಟನ್ ಇರುತ್ತದೆ, ಅದು ಒತ್ತಿದೆಯಾ? ಸಾಮಾನ್ಯ ಗಿಟಾರ್ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸುಮಾರು 1 ಮೆಗಾ ಓಮ್ ಪ್ರತಿರೋಧದ ಇನ್‌ಪುಟ್ ಬೇಕು. ಬಟನ್ ಒತ್ತದೆ ಲೈನ್‌ನಲ್ಲಿ (ಕೀಬೋರ್ಡ್, ಮಿಕ್ಸರ್‌ನಂಥವಕ್ಕೆ ಇರುವ ಸೆಟ್ಟಿಂಗ್) ಬಿಟ್ಟರೆ ಅದು ತುಂಬಾ ಕಡಿಮೆ, ಸಿಗ್ನಲ್ ಸೊರಗುತ್ತದೆ, ಮೇಲಿನ ಸ್ವರಗಳ ಹೊಳಪೂ ಹೋಗಿ ಮಂಕಾಗಿ ಕೇಳಿಸುತ್ತದೆ. ಆಮೇಲೆ ಜನ ಅದನ್ನು ಈಕ್ಯೂನಲ್ಲಿ (ಈಕ್ವಲೈಜರ್) ಸರಿ ಮಾಡಲು ಒದ್ದಾಡುತ್ತಾರೆ.

ಗೇನ್ ಪೂರ್ತಿ ಇಳಿಸಿದರೂ ಕೆಂಪಾಗುತ್ತಿದ್ದರೆ ಸಿಗ್ನಲ್ ತಗ್ಗಿಸುವ ಪ್ಯಾಡ್ ಬಟನ್ ಹುಡುಕಿ, ಜೋರು ಹಂಬಕರ್ (ಎರಡು ಸುರುಳಿಯ ಪಿಕಪ್) ಇದ್ದರೆ ಹೀಗಾಗುವುದುಂಟು. ಮೀಟರ್ ಕೆಳಗೇ ಇದ್ದೂ ಸೌಂಡ್ ಒಡೆಯುತ್ತಿದೆ, ಪಿಕಪ್ ಆಕ್ಟಿವ್ ಅಂತಾದರೆ ಗಿಟಾರ್ ಒಳಗಿನ 9 ವೋಲ್ಟ್ ಬ್ಯಾಟರಿ ಬದಲಿಸಿ ನೋಡಿ. ಅದು ಸತ್ತ ಬ್ಯಾಟರಿಯ ಲಕ್ಷಣ.

ಸುಮ್ನೆಬಾರಿಸು:
ಮೈನಸ್ 18 ಅನ್ನುವವರು ಪೂರ್ತಿ ತಪ್ಪಲ್ಲ, ಆದರೆ ಅದು ಪೀಕ್ ಅಲ್ಲ, ಸರಾಸರಿ. ಯುರೋಪಿನ ಪ್ರಸಾರದವರು ಅಳತೆಯ ಟೋನ್ ಅನ್ನು ಮೈನಸ್ 18ಕ್ಕೆ ಕೂರಿಸುತ್ತಾರೆ, ಅಮೆರಿಕದವರು ಮೈನಸ್ 20ಕ್ಕೆ. ಅದನ್ನೇ ಗಿಟಾರಿನ ಪೀಕ್‌ಗೆ ನಿಯಮ ಅಂತ ಹಿಡಿದುಕೊಂಡರೆ ಗೊಂದಲವೇ ಜಾಸ್ತಿ.

ಮೀಟರ್‌ಭಟ್ಟರಿಗೆ ಒಂದು ತಕರಾರು. ಸಾದಾ ರೆಕಾರ್ಡಿಂಗ್‌ಗೆ ಮೈನಸ್ 12 ಚೆನ್ನಾಗಿದೆ. ಆಂಪ್ ಪ್ಲಗಿನ್ ಇದ್ದಾಗ ಕಥೆ ಬೇರೆ, ಯಾಕೆಂದರೆ ಒಳಗೆ ಎಷ್ಟು ಲೆವೆಲ್ ಹೋಗುತ್ತದೆ ಅನ್ನುವುದೇ ಡಿಸ್ಟಾರ್ಷನ್ (ಆಂಪ್ ಸೌಂಡ್ ಒಡೆಯುವುದು) ಎಷ್ಟು ಅಂತ ತೀರ್ಮಾನಿಸುತ್ತದೆ. ಅದೇ ಪ್ರೀಸೆಟ್‌ಗೆ (ಪ್ಲಗಿನ್‌ನಲ್ಲಿ ಮೊದಲೇ ಉಳಿಸಿಟ್ಟ ಸೆಟ್ಟಿಂಗ್) 6 ಡಿಬಿ ಜಾಸ್ತಿ ಕೊಟ್ಟರೆ ಕ್ಲೀನ್ ಟೋನ್ ಕ್ರಂಚ್ (ಸ್ವಲ್ಪ ಒಡೆದ ಟೋನ್) ಆಗಿಬಿಡುತ್ತದೆ. ಪ್ಲಗಿನ್‌ನ ಕೈಪಿಡಿಯಲ್ಲಿ ಎಷ್ಟು ಇನ್‌ಪುಟ್ ಬೇಕು ಅಂತ ಬರೆದಿದ್ದರೆ ಅದನ್ನೇ ಪಾಲಿಸಿ. ಬರೆದಿಲ್ಲವಾ, ಇಂಟರ್‌ಫೇಸ್ ಗೇನ್ ಒಂದು ಕಡೆ ನಿಲ್ಲಿಸಿ, ಆ ನಾಬ್ ಎಲ್ಲಿದೆ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಉಳಿದ ಹೆಚ್ಚುಕಮ್ಮಿ ಪ್ಲಗಿನ್‌ನ ಇನ್‌ಪುಟ್‌ನಲ್ಲೇ ಮಾಡಿ. ಪ್ರತಿ ಟೇಕ್‌ಗೂ ಗೇನ್ ತಿರುಗಿಸುತ್ತಾ ಕೂತರೆ ಒಂದು ಟೇಕ್‌ನ ಟೋನ್ ಇನ್ನೊಂದಕ್ಕೆ ಹೊಂದುವುದಿಲ್ಲ.

ಮೀಟರ್‌ಭಟ್ಟ:
ತಕರಾರು ಒಪ್ಪಿದೆ. ಆದರೂ ಕೆಂಪು ಲೈಟ್ ಮಾತ್ರ ಯಾವ ಪ್ಲಗಿನ್‌ಗಾಗಿಯೂ ಒಪ್ಪುವುದಿಲ್ಲ 😄

ಒಂಟಿತಂತಿ:
ಬಟನ್ ಲೈನ್‌ನಲ್ಲೇ ಇತ್ತು! ಒತ್ತಿದ ಮೇಲೆ ಮೆಲ್ಲಗಿನ ಭಾಗ ಬೇರೆಯೇ ಕೇಳಿಸುತ್ತಿದೆ. ಗೇನ್ ಕೂಡ ಇಳಿಸಿದೆ, ಈಗ ಪೀಕ್ ಮೈನಸ್ 11. ಆದರೆ ಪ್ಲಗಿನ್ ಆನ್ ಮಾಡಿದರೆ ಗುಂಯ್ ಅನ್ನುತ್ತದೆ. ಗೇನ್ ಇನ್ನೂ ಇಳಿಸಿದರೆ ಅದು ಹೋಗುತ್ತದಾ?

ಹಳೇಪಿಕ್:
ಹೋಗಲ್ಲ. ಗುಂಯ್ ಬರುವುದು ಪಿಕಪ್‌ನಿಂದ. ಗೇನ್ ಇಳಿಸಿದರೆ ಗಿಟಾರೂ ಇಳಿಯುತ್ತದೆ, ಗುಂಯ್ ಕೂಡ ಅಷ್ಟೇ ಇಳಿಯುತ್ತದೆ, ಎರಡರ ಅಂತರ ಹಾಗೇ ಇರುತ್ತದೆ. ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್) ಆದರೆ ಕೂತಲ್ಲೇ ನಿಧಾನಕ್ಕೆ ತಿರುಗಿ ನೋಡಿ, ಯಾವುದೋ ಒಂದು ದಿಕ್ಕಿನಲ್ಲಿ ಥಟ್ಟನೆ ಕಡಿಮೆಯಾಗುತ್ತದೆ. ಲ್ಯಾಪ್‌ಟಾಪ್‌ನ ಚಾರ್ಜರ್ ತೆಗೆದೂ ನೋಡಿ. ಇಷ್ಟಾಗಿಯೂ ಉಳಿದರೆ ನಾಯ್ಸ್ ಗೇಟನ್ನು (ಬಾರಿಸದಿದ್ದಾಗ ಸೌಂಡ್ ಮುಚ್ಚುವ ಪ್ಲಗಿನ್) ಆಂಪ್ ಪ್ಲಗಿನ್‌ಗಿಂತ ಮೊದಲು ಹಾಕಿ, ಆದರೆ ಸ್ವರದ ಬಾಲ ಕತ್ತರಿಸದಷ್ಟು ಮೆತ್ತಗೆ.