ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿ: ಮಳೆ ಹಿಡಿಯುವ ಮೊದಲು ಎಂತ ತರಕಾರಿ ನೆಡಬಹುದು?

ಬಿಜೈ ಬಾಲ್ಕನಿ

ನಮಸ್ಕಾರ. ಮಂಗಳೂರಿನ ಬಿಜೈಯಲ್ಲಿ ನಾಲ್ಕನೇ ಮಾಳಿಗೆಯ ಫ್ಲಾಟ್. ಬಾಲ್ಕನಿ 10 ಅಡಿ ಉದ್ದ, 4 ಅಡಿ ಅಗಲ, ಮುಖ ಪಶ್ಚಿಮಕ್ಕೆ. ಟೆರೇಸಿನಲ್ಲಿ ಚಟ್ಟಿ ಇಡಬಾರದು ಅಂತ ಅಸೋಸಿಯೇಷನ್ ರೂಲ್ ಉಂಟು, ಹಾಗಾಗಿ ಇರುವ ಜಾಗ ಇಷ್ಟೇ. ಮಧ್ಯಾಹ್ನದ ನಂತರ ಬಿಸಿಲು ಚೆನ್ನಾಗಿ ಬೀಳುತ್ತದೆ.

ಬೇಸಗೆಯಲ್ಲಿ ಗ್ರೋ ಬ್ಯಾಗಿನಲ್ಲಿ ಟೊಮೆಟೊ ಇಟ್ಟಿದ್ದೆ. ಹೂ ಬಿಟ್ಟು ಕಾಯಿ ಹಿಡಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಇಡೀ ಗಿಡ ಜೋತು ಬಿತ್ತು. ಎಲೆ ಹಳದಿ ಆಗಿರಲಿಲ್ಲ, ಹುಳ ಇರಲಿಲ್ಲ, ಮಣ್ಣೂ ಒದ್ದೆ ಇತ್ತು. ರಾತ್ರಿ ಸ್ವಲ್ಪ ಎದ್ದು ನಿಂತಿತು, ಮರುದಿನ ಮತ್ತೆ ಅದೇ ಕಥೆ, ಆಮೇಲೆ ಹಸಿರು ಹಸಿರು ಇರುವಾಗಲೇ ಸತ್ತಿತು. ಈಗ ಪಕ್ಕದ ಬ್ಯಾಗಿನ ಬದನೆಯೂ ಅದೇ ದಾರಿ ಹಿಡಿದಿದೆ. ಮಣ್ಣು ಊರಿನ ತೋಟದಿಂದ ತಂದದ್ದು, ಒಳ್ಳೆ ಕೆಂಪು ಮಣ್ಣು.

ಇದು ಎಂತದು? ಆ ಮಣ್ಣು ಬಿಸಾಡಬೇಕಾ? ಪತ್ತನಾಜೆ (ಮೇ ಕೊನೆಗೆ ಬರುವ ತುಳುವರ ದಿನ) ಕಳೆಯಿತು, ಇನ್ನು ಮಳೆ ಹಿಡಿದರೆ ಬಿಡುವುದಿಲ್ಲ. ವಿಡಿಯೋ ನೋಡಿದರೆ ಜೂನಿನಲ್ಲಿ ಟೊಮೆಟೊ, ಕೊತ್ತಂಬರಿ, ಪಾಲಕ್ ಎಲ್ಲಾ ಹಾಕಿ ಅಂತ ಹೇಳುತ್ತಾರೆ, ಆದರೆ ಅವರೆಲ್ಲ ಘಟ್ಟದ ಮೇಲಿನವರು. ಇಲ್ಲಿ ಬೆಳೆಯುವವರು ಹೇಳಿ. ಇನ್ನೊಂದು, ಬಾಲ್ಕನಿಗೆ ಎಷ್ಟು ಭಾರ ಹಾಕಬಹುದು ಅಂತ ಮನೆಯಲ್ಲಿ ದಿನಾ ಕೇಳುತ್ತಾರೆ.

ಕಟಪಾಡಿಯವ

ಸೊರಗು ರೋಗ ಮಾರಾಯ್ರೆ. ಬ್ಯಾಕ್ಟೀರಿಯಾದ್ದು. ಗ್ಯಾರಂಟಿ ಬೇಕಾದರೆ ಆ ಬದನೆ ಗಿಡದ ದಂಟನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿ ನೀರು ತೆಗೆದುಕೊಂಡು, ಕತ್ತರಿಸಿದ ತುದಿ ನೀರಿಗೆ ತಾಗುವ ಹಾಗೆ ಅಲ್ಲಾಡಿಸದೆ ಹಿಡಿಯಿರಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗೆ ಇಳಿದರೆ ಮತ್ತೆ ಸಂಶಯ ಬೇಡ.

ರಾಲ್‌ಸ್ಟೋನಿಯಾ ಅಂತ ಅದರ ಹೆಸರು. ಮಣ್ಣಿನಲ್ಲಿ ಇರುತ್ತದೆ, ಬೇರಿನ ಗಾಯದಿಂದ ಒಳಗೆ ಹೋಗಿ ನೀರು ಏರುವ ನಾಳಗಳನ್ನೇ ಕಟ್ಟಿಬಿಡುತ್ತದೆ. ಅದಕ್ಕೇ ಮಣ್ಣು ಒದ್ದೆ ಇದ್ದರೂ ಗಿಡ ಬಾಡುವುದು. ನಮ್ಮ ಹುಳಿ ಮಣ್ಣು, ಸೆಕೆ, ಪಸೆ, ಮೂರೂ ಅದಕ್ಕೆ ಹಬ್ಬ. ಬಂದ ಮೇಲೆ ಮದ್ದಿಲ್ಲ, ಯಾರಾದರೂ ಬಾಟಲಿ ಮಾರಲು ಬಂದರೆ ದುಡ್ಡು ಕೊಡಬೇಡಿ. ಗಿಡ ಬೇರು ಸಮೇತ ಕಿತ್ತು ಕಸಕ್ಕೆ ಹಾಕಿ, ಕಾಂಪೋಸ್ಟಿಗೆ ಬೇಡ. ಕತ್ತರಿ ತೊಳೆಯಿರಿ. ಆ ಬ್ಯಾಗಿನಿಂದ ಸೋರಿದ ನೀರು ಬೇರೆ ಬ್ಯಾಗಿಗೆ ಹೋಗದ ಹಾಗೆ ನೋಡಿ.

ಮಣ್ಣು ಬಿಸಾಡಬೇಕಾಗಿಲ್ಲ. ಟೊಮೆಟೊ, ಬದನೆ, ಮೆಣಸು ಒಂದೇ ಕುಟುಂಬ, ಆ ಮೂರನ್ನು ಅದರಲ್ಲಿ ಹಾಕಬೇಡಿ ಅಷ್ಟೇ. ಅಲಸಂಡೆ, ಬೆಂಡೆ, ಬಸಳೆ ಹಾಕಿ. ಚಟ್ಟಿಯಲ್ಲಿ ಬೆಳೆಯುವವರಿಗೆ ಇದೇ ಲಾಭ ಅಲ್ವಾ, ಗದ್ದೆಯವನಿಗೆ ಮಣ್ಣು ಬದಲಿಸಲು ಆಗುವುದಿಲ್ಲ, ನಿಮಗೆ ಆಗುತ್ತದೆ. ಮುಂದೆ ಟೊಮೆಟೊ ಬೇಕೇ ಬೇಕು ಅಂತಾದರೆ ಅರ್ಕಾ ರಕ್ಷಕ್ ಬೀಜ ಹುಡುಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯದ್ದು, ಈ ಸೊರಗು ರೋಗವನ್ನೂ ಎಲೆ ಮುದುರು ರೋಗವನ್ನೂ ತಡೆದುಕೊಳ್ಳುತ್ತದೆ. ಹೈಬ್ರಿಡ್ ಆದ ಕಾರಣ ಬೀಜ ತೆಗೆದಿಡಲು ಆಗುವುದಿಲ್ಲ. ಬದನೆಯಲ್ಲಿ ಅರ್ಕಾ ನಿಧಿ, ಅರ್ಕಾ ಕೇಶವ್ ಉಂಟು. ಆದರೆ ಅದೆಲ್ಲ ಈಗ ಅಲ್ಲ.

ನಮ್ಮಲ್ಲಿ ತರಕಾರಿಗೆ ಎರಡು ಕಾಲ. ಪತ್ತನಾಜೆ ಹೊತ್ತಿಗೆ ಬೀಜ ಹಾಕಿದರೆ ಚೌತಿಗೆ, ಸೆಪ್ಟೆಂಬರಿನಲ್ಲಿ ಕ್ರೈಸ್ತರ ಮೋಂತಿ ಹಬ್ಬಕ್ಕೆ ಕಾಯಿ ಸಿಗುವುದು ಒಂದು. ಬೆಂಡೆ, ಅಲಸಂಡೆ, ಹೀರೆ, ಮುಳ್ಳುಸೌತೆ, ಹಾಗಲ ಎಲ್ಲಾ ಇದರದ್ದು. ನವರಾತ್ರಿ ಕಳೆದು ಮಳೆ ಬಿಟ್ಟ ಮೇಲೆ ಬದನೆ, ಟೊಮೆಟೊ, ಮೆಣಸು, ಹರಿವೆ ಇನ್ನೊಂದು. ಜೂನಿನಲ್ಲಿ ಟೊಮೆಟೊ ಹಾಕಿ ಅಂತ ಹೇಳುವವನಿಗೆ ನಮ್ಮ ಜುಲೈ ಗೊತ್ತಿಲ್ಲ. ಬೆಂಗಳೂರಿಗೆ ಇಡೀ ವರ್ಷ ಬೀಳುವ ಮಳೆ ಇಲ್ಲಿ ಜುಲೈ ಒಂದೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಅವರ ಚಿಂತೆ ನೀರು ಹಾಕುವುದು, ನಮ್ಮ ಚಿಂತೆ ನೀರು ಹೊರಗೆ ಹೋಗುವುದು.

ಹಾಗಾಗಿ ಬ್ಯಾಗಿನ ತೂತು ಸಾಲದಿದ್ದರೆ ಇನ್ನಷ್ಟು ಮಾಡಿ, ಬದಿಯಲ್ಲೂ ಒಂದು ಇಂಚು ಮೇಲೆ ಮಾಡಿ. ಮಣ್ಣು ಗಟ್ಟಿ ಅಂಟಾಗಿ ಇರಬಾರದು. ಊರಿನಲ್ಲಿ ಸುಡುಮಣ್ಣು ಮಾಡುತ್ತಾರಲ್ಲ, ತರಗೆಲೆ, ಕಡ್ಡಿ, ಮೇಲೆ ಮಣ್ಣು ಹಾಕಿ ನಿಧಾನಕ್ಕೆ ಹೊಗೆಯಾಡಿಸಿ ಸುಡುವುದು, ಅದು ಸಿಕ್ಕಿದರೆ ಒಂದು ಗೋಣಿ ತನ್ನಿ. ಬಿಸಿಗೆ ಕಳೆ ಬೀಜ, ಹುಳದ ಮೊಟ್ಟೆ ಸಾಯುತ್ತದೆ, ಬೂದಿಯಿಂದ ಪೊಟ್ಯಾಶ್ ಸಿಗುತ್ತದೆ, ಹುಳಿ ಕಡಿಮೆ ಆಗುತ್ತದೆ, ಮಣ್ಣೂ ಸಡಿಲ ಆಗುತ್ತದೆ. ಹಿರಿಯರು ಪುಸ್ತಕ ಓದದೆ ಮಾಡಿದ ಕೆಲಸ. ಫ್ಲಾಟಿನಲ್ಲಿ ಸುಡಲು ಹೋಗಬೇಡಿ ಮತ್ತೆ, ಅಸೋಸಿಯೇಷನ್ ಓಡಿ ಬರುತ್ತದೆ. ಸಿಗದಿದ್ದರೆ ಈಗಿರುವ ಕೆಂಪು ಮಣ್ಣಿಗೆ, 12 ಇಂಚಿನ ಒಂದು ಬ್ಯಾಗಿಗೆ ಎರಡು ಚಮಚ ಚಿಪ್ಪಿಸುಣ್ಣದ ಹುಡಿ ಬೆರೆಸಿ, ವಾರ ಹತ್ತು ದಿನ ಬಿಟ್ಟು ಆಮೇಲೆ ಗೊಬ್ಬರ ಹಾಕಿ. ಸುಣ್ಣ, ಸೆಗಣಿ ಎರಡೂ ಒಟ್ಟಿಗೆ ಹಾಕಿದರೆ ಸಾರಜನಕ ಹಾರಿಹೋಗುತ್ತದೆ.

ಸಿಮೆಂಟು ಮಂಡೆ

ಭಾರದ ವಿಷಯಕ್ಕೆ ನಾನು. ಗಿಡದ ಬಗ್ಗೆ ನನ್ನನ್ನು ಕೇಳಬೇಡಿ.

ಮನೆಯ ಬಾಲ್ಕನಿಗೆ ಚದರ ಮೀಟರಿಗೆ ಕಡಿಮೆ ಎಂದರೆ ಸುಮಾರು 300 ಕಿಲೋ ಭಾರ ಲೆಕ್ಕ ಹಿಡಿದು ಡಿಸೈನ್ ಮಾಡಬೇಕು ಅಂತ ನಮ್ಮ ದೇಶದ ಕಟ್ಟಡ ಕೋಡಿನಲ್ಲಿ ಉಂಟು. ನಿಮ್ಮದು 40 ಚದರ ಅಡಿ, ಅಂದರೆ 3.7 ಚದರ ಮೀಟರ್. ಒಟ್ಟು ಲೆಕ್ಕ 1,100 ಕಿಲೋ ಬಂತು. ಅದರಲ್ಲಿ ಜನ ನಿಲ್ಲುವುದು, ವಾಷಿಂಗ್ ಮೆಷಿನ್, ಎಲ್ಲಾ ಸೇರಬೇಕು. 12 ಇಂಚು ಅಗಲ, 12 ಇಂಚು ಎತ್ತರದ ಬ್ಯಾಗಿನಲ್ಲಿ 20 ಲೀಟರಿಗೆ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಬರೀ ಕೆಂಪು ಮಣ್ಣು ತುಂಬಿ ನೆನೆದರೆ ಒಂದೊಂದು 35 ಕಿಲೋ ದಾಟುತ್ತದೆ. ಅರ್ಧ ತೆಂಗಿನ ನಾರಿನ ಹುಡಿ ಮತ್ತು ಕಾಂಪೋಸ್ಟ್ ಇದ್ದರೆ 25ರ ಹತ್ತಿರ. ಹತ್ತು ಬ್ಯಾಗ್ ಇಟ್ಟರೂ 250 ಕಿಲೋ, ಕಟ್ಟಡ ಗಟ್ಟಿ ಇದ್ದರೆ ತೊಂದರೆ ಇಲ್ಲ. ಮನೆಯವರಿಗೆ ಹೇಳಿ.

ಆದರೆ ಹೊರಗೆ ಚಾಚಿದ ಬಾಲ್ಕನಿಯಾದರೆ ಭಾರ ತುದಿಗೆ ಹೋದಷ್ಟೂ ಬುಡಕ್ಕೆ ಎಳೆತ ಜಾಸ್ತಿ. ದೊಡ್ಡ ಬ್ಯಾಗ್ ಎಲ್ಲಾ ಗೋಡೆ ಬದಿಗೆ. ರೇಲಿಂಗ್ ಹತ್ತಿರ ಸಣ್ಣದು. ಬಿಸಿಲು ಇರುವುದು ರೇಲಿಂಗ್ ಕಡೆಗೆ ಅಂತ ಗೊತ್ತು, ಅದಕ್ಕೆ ಬಳ್ಳಿ ಗೋಡೆಯ ಬುಡದಲ್ಲಿ ನೆಟ್ಟು ಹಗ್ಗದಲ್ಲಿ ಮುಂದಕ್ಕೆ ಎಳೆಯಿರಿ. ಚಾವಣಿಯಲ್ಲೋ ಕೆಳಗಡೆಯಲ್ಲೋ ಮೊದಲೇ ಬಿರುಕು, ತುಕ್ಕಿನ ಕಲೆ ಕಂಡರೆ ಒಂದು ಬ್ಯಾಗೂ ಬೇಡ. ಕಡಲ ಗಾಳಿಗೆ ಇಲ್ಲಿ ಕಂಬಿ ಬೇಗ ತುಕ್ಕು ಹಿಡಿಯುತ್ತದೆ, ಹಳೆ ಕಟ್ಟಡಗಳಲ್ಲಿ ಇದು ತಮಾಷೆ ಅಲ್ಲ. ಬ್ಯಾಗನ್ನು ನೆಲಕ್ಕೆ ತಾಗಿಸಿ ಇಡದೆ ಎರಡು ಇಟ್ಟಿಗೆ ಮೇಲೆ ಇಡಿ, ಕೆಳಗೆ ಗಾಳಿಯಾಡಲಿ.

ರೇಲಿಂಗಿನ ಹೊರಗೆ ಚಟ್ಟಿ ನೇತು ಹಾಕುವುದು ದಯವಿಟ್ಟು ಬೇಡ. ಜೂನಿನ ಪಡುಗಾಳಿಗೆ ನಾಲ್ಕನೇ ಮಾಳಿಗೆಯಿಂದ ಬಿದ್ದರೆ ಕೆಳಗೆ ಯಾರ ತಲೆ ಇರುತ್ತದೋ.

ಸುರತ್ಕಲ್ ಅಕ್ಕ

ಕಟಪಾಡಿಯವರು ಹೇಳಿದ್ದು ಅಂಗಳ ಇರುವವರಿಗೆ ಸರಿ. ನಾಲ್ಕನೇ ಮಾಳಿಗೆಯ ಪಶ್ಚಿಮದ ಬಾಲ್ಕನಿ ಬೇರೆಯೇ ವಿಷಯ. ಮಳೆ ಮೇಲಿನಿಂದ ಬೀಳುವುದಿಲ್ಲ, ಎದುರಿನಿಂದ ಹೊಡೆಯುತ್ತದೆ. ಬೆಂಡೆ ಎತ್ತರ ಹೋದ ಹಾಗೆ ಗಾಳಿಗೆ ಅಡ್ಡ ಬೀಳುತ್ತದೆ, ಕೋಲು ಕಟ್ಟಿದರೂ ಎಲೆ ಹರಿದು ಹೋಗುತ್ತದೆ. ರೇಲಿಂಗಿಗೆ ಒಳಗಿನಿಂದ ಶೇಡ್ ನೆಟ್ ಕಟ್ಟಿ. ಪ್ಲಾಸ್ಟಿಕ್ ಶೀಟ್ ಕಟ್ಟಬೇಡಿ, ಹಾಯಿಯ ಹಾಗೆ ಉಬ್ಬಿ ಹರಿಯುತ್ತದೆ. ನೆಟ್ ಆದರೆ ಗಾಳಿಯ ಸೊಕ್ಕು ಮುರಿಯುತ್ತದೆ, ಹನಿಯೂ ಪುಡಿ ಪುಡಿ ಆಗಿ ಒಳಗೆ ಬರುತ್ತದೆ.

ಇನ್ನೊಂದು ಯಾರೂ ಹೇಳದ್ದು. ಅಷ್ಟು ಮೇಲೆ ಜೇನುನೊಣ ಬರುವುದು ಕಡಿಮೆ, ಮಳೆಯಲ್ಲಿ ಬರುವುದೇ ಇಲ್ಲ. ಹೀರೆ, ಹಾಗಲ, ಮುಳ್ಳುಸೌತೆಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಹಿಂದೆ ಸಣ್ಣ ಕಾಯಿ ಇರುತ್ತದೆ, ಪರಾಗ ಸಿಗದಿದ್ದರೆ ಅದು ಹಳದಿಯಾಗಿ ಉದುರುತ್ತದೆ. ಜನ ಗೊಬ್ಬರ ಸಾಲದು ಅಂತ ಮತ್ತೆ ಗೊಬ್ಬರ ಸುರಿಯುತ್ತಾರೆ. ಗಂಡು ಹೂ ಕಿತ್ತು ಎಸಳು ಬಿಡಿಸಿ ಹೆಣ್ಣು ಹೂವಿನ ಒಳಗೆ ಉಜ್ಜಿ, ಆಯಿತು. ಹಾಗಲಕ್ಕೆ ಬೆಳಿಗ್ಗೆ ಮಾಡಬೇಕು, ಹೀರೆಗೆ ಸಂಜೆ, ಯಾಕೆಂದರೆ ಹೀರೆ ಹೂ ಅರಳುವುದೇ ಸಂಜೆ. ಆಫೀಸಿನಿಂದ ಬಂದು ಮಾಡಬಹುದಾದ ಕೆಲಸ. ಅಲಸಂಡೆ, ಬೆಂಡೆಗೆ ಈ ರಗಳೆ ಇಲ್ಲ, ಅವು ತಮ್ಮಷ್ಟಕ್ಕೆ ಕಾಯಿ ಕಟ್ಟುತ್ತವೆ.

ಹಾಗಾಗಿ ನಿಮಗೆ ನಾನು ಹೇಳುವುದು: ಅಲಸಂಡೆ ಎರಡು ಬ್ಯಾಗ್, ಹೀರೆ ಒಂದು, ಗೋಡೆ ಮೂಲೆಯಲ್ಲಿ ಬಸಳೆ ಎರಡು, ಬಿಸಿಲು ಬೀಳದ ಕಡೆ ಅಗಲ ತಟ್ಟೆಯಲ್ಲಿ ತಿಮರೆ (ಒಂದೆಲಗ). ತಿಮರೆಗೆ ಮಳೆಗಾಲ ಎಂದರೆ ಸಂಭ್ರಮ, ಕಿತ್ತಷ್ಟೂ ಹಬ್ಬುತ್ತದೆ, ಚಟ್ನಿಗೆ, ತಂಬುಳಿಗೆ ಧಾರಾಳ. ಪತ್ರೊಡೆ ಆಸೆ ಇದ್ದರೆ ಒಂದು ಹಳೆ ಬಕೆಟಿನಲ್ಲಿ ಕೆಸುವಿನ ಗೆಡ್ಡೆ, ಅದು ಒದ್ದೆಗೆ ಹೆದರುವ ಜಾತಿಯೇ ಅಲ್ಲ. ಕೊತ್ತಂಬರಿ, ಪಾಲಕ್ ಡಿಸೆಂಬರಿನವರೆಗೆ ಮರೆತುಬಿಡಿ. ಹರಿವೆಯೂ ಈಗ ಬೇಡ, ಸಣ್ಣ ಸಸಿ ಮಳೆಗೆ ಮಲಗಿ ಕೊಳೆಯುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಹಾಕಿ, ತಿಂಗಳೊಳಗೆ ಕಿತ್ತು ತಿನ್ನಬಹುದು.

ಚಟ್ಟಿಯ ಅಡಿಗೆ ತಟ್ಟೆ ಇಟ್ಟಿದ್ದರೆ ಮಳೆಗಾಲದಲ್ಲಿ ತೆಗೆದುಬಿಡಿ. ನಿಂತ ನೀರಿನಲ್ಲಿ ಒಂದು ವಾರದೊಳಗೆ ಸೊಳ್ಳೆ ತಯಾರು, ಮಂಗಳೂರಿನಲ್ಲಿ ಮಲೇರಿಯಾ, ಡೆಂಗಿ ಎರಡೂ ಗೊತ್ತಿದ್ದದ್ದೇ. ಟೆರೇಸ್ ಬೇಡ ಅಂದ ಅಸೋಸಿಯೇಷನ್ ಬಾಲ್ಕನಿಗೂ ಬರಲು ಇದೊಂದು ಕಾರಣ ಸಾಕು.

ಬಿಜೈ ಬಾಲ್ಕನಿ

ಎಲ್ಲರಿಗೂ ಥ್ಯಾಂಕ್ಸ್. ಲೋಟದ ಪರೀಕ್ಷೆ ಮಾಡಿದೆ, ಬಿಳಿ ಎಳೆ ಇಳಿಯಿತು. ಬದನೆ ಕಿತ್ತಾಯಿತು. ಭಾರದ ಲೆಕ್ಕ ಮನೆಯಲ್ಲಿ ಓದಿ ಹೇಳಿದೆ, ಈಗ ವಾಷಿಂಗ್ ಮೆಷಿನ್ ಬೇರೆ ಕಡೆ ಇಡುವ ಅಂತ ಹೊಸ ಚರ್ಚೆ ಶುರುವಾಗಿದೆ.

ಎರಡು ಪ್ರಶ್ನೆ. ಮಳೆಗೆ ಗೊಬ್ಬರ ತೊಳೆದು ಹೋಗುವುದಿಲ್ವಾ? ಮತ್ತೆ ನವರಾತ್ರಿ ಕಳೆದ ಮೇಲೆ ಮಟ್ಟುಗುಳ್ಳ (ಉಡುಪಿ ಕಡೆಯ ಮಟ್ಟು ಊರಿನ ಬದನೆ) ಹಾಕಬಹುದಾ, ಬ್ಯಾಗಿನಲ್ಲಿ ಬರುತ್ತದಾ?

ಕಟಪಾಡಿಯವ

ಅಕ್ಕ ಹೇಳಿದ ಗಾಳಿಯ ವಿಷಯ ಸರಿ, ಒಪ್ಪಿದೆ. ಬೆಂಡೆ ಬಿಡಿ.

ಗೊಬ್ಬರ ತೊಳೆದು ಹೋಗುತ್ತದೆ, ಮೊದಲು ಹೋಗುವುದು ಸಾರಜನಕ. ಕೆಳಗಿನ ಹಳೆ ಎಲೆ ಮೊದಲು ಹಳದಿ ಆದರೆ ಅದೇ. ಒಮ್ಮೆಲೇ ಜಾಸ್ತಿ ಹಾಕುವ ಬದಲು ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಕಾಂಪೋಸ್ಟ್, ಮಳೆ ಸ್ವಲ್ಪ ಬಿಟ್ಟ ದಿನ ನೆಲಕಡ್ಲೆ ಹಿಂಡಿ ನೆನೆಸಿದ ನೀರು ಹತ್ತು ಪಾಲು ನೀರಿಗೆ ಬೆರೆಸಿ ಹಾಕಿ. ವಾಸನೆ ಬರುತ್ತದೆ, ಪಕ್ಕದವರು ಕಿಟಕಿ ಹಾಕಿರುವಾಗ ಹಾಕಿ. ಮೀನು ತೊಳೆದ ನೀರು ಅಂಗಳಕ್ಕೆ ಒಳ್ಳೆಯದು, ಬಾಲ್ಕನಿಗೆ ಬೇಡ, ಬೆಕ್ಕು ಬಂದು ಬ್ಯಾಗ್ ಕೆರೆಯುತ್ತದೆ.

ಮಟ್ಟುಗುಳ್ಳದ ಗಿಡ ಬ್ಯಾಗಿನಲ್ಲಿ ಬರುತ್ತದೆ. 15 ಇಂಚಿನ ಬ್ಯಾಗಿಗೆ ಒಂದೇ ಗಿಡ, ಮುಳ್ಳು ಜಾಗ್ರತೆ. ಆದರೆ ಮಟ್ಟುಗುಳ್ಳ ಅಂತ ಹೇಳಬೇಕಾದರೆ ಅದು ಮಟ್ಟುವಿನ ಮಣ್ಣಿನಲ್ಲಿ ಬೆಳೆದಿರಬೇಕು ಅಂತ ನಮ್ಮ ಕಡೆಯವರ ಹಟ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಬಿಜೈಯಲ್ಲಿ ಬೆಳೆದದ್ದಕ್ಕೆ ಬರೀ ಗುಳ್ಳ ಅನ್ನಿ, ಜಗಳ ಇಲ್ಲ. ಸೆಪ್ಟೆಂಬರಿನಲ್ಲಿ ಒಳಗೆ ಸಸಿ ಮಾಡಿಟ್ಟುಕೊಂಡು ಮಳೆ ಬಿಟ್ಟ ಮೇಲೆ ನೆಡಿ. ಈಗ ರೋಗ ಬಂದ ಮಣ್ಣು ಅದಕ್ಕೆ ಬೇಡವೇ ಬೇಡ. ಗಿಡದ ಕುಡಿ ಮಾತ್ರ ಬಾಗಿದರೆ ಗಾಬರಿ ಬೇಡ, ಅದು ಸೊರಗು ಅಲ್ಲ, ಕುಡಿ ಕೊರೆಯುವ ಹುಳ. ಬಾಗಿದ ತುದಿಯಿಂದ ಎರಡು ಇಂಚು ಕೆಳಗೆ ಚಿವುಟಿ ಹಿಸುಕಿ ಬಿಸಾಡಿ, ಬಿಟ್ಟರೆ ಅದೇ ಹುಳ ಕಾಯಿಗೆ ಹೋಗುತ್ತದೆ.

ಸುರತ್ಕಲ್ ಅಕ್ಕ

ಬಸಳೆಗೆ ನರ್ಸರಿಗೆ ಹೋಗಬೇಡಿ, ಸುಮ್ನೆ ದುಡ್ಡು ದಂಡ. ಮಾರ್ಕೆಟಿನಿಂದ ಒಂದು ಕಟ್ಟು ತನ್ನಿ, ಎಲೆ, ಎಳೆ ದಂಟು ಪದಾರ್ಥಕ್ಕೆ ಹಾಕಿ, ಬುಡದ ದಪ್ಪ ದಂಟು ಮೂರು ನಾಲ್ಕು ಗಂಟು ಇರುವ ಹಾಗೆ ತುಂಡು ಮಾಡಿ ಒಂದು ದಿನ ನೆರಳಲ್ಲಿ ಇಟ್ಟು, ಎರಡು ಗಂಟು ಮಣ್ಣಿನ ಒಳಗೆ ಹೋಗುವ ಹಾಗೆ ಓರೆಯಾಗಿ ಊರಿ. ಮಳೆ ಹಿಡಿಯುವ ಮೊದಲೇ ಮಾಡಿ, ಬೇರು ಬಿಡುವ ಮುಂಚೆ ಜಾಸ್ತಿ ಒದ್ದೆ ಆದರೆ ತುಂಡು ಕೊಳೆಯುತ್ತದೆ.