ಅಪ್‌ಡೇಟ್: ಅಂಗಡಿಯ ಡೆಮೊ ಫೋನ್ ಹೊಳೆಯುತ್ತೆ, ಅದೇ ಮಾಡೆಲ್ ನನ್ನದು ಮಂಕು ಯಾಕೆ?

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ಪ್ಯಾನೆಲ್‌ನಲ್ಲಿ ದೋಷ ಇರಲಿಲ್ಲ, ಎಲ್ಲ ಸೆಟ್ಟಿಂಗ್ಸ್ ಮಹಿಮೆ.

ಕೆಲಸ ಮಾಡಿದ್ದು: ಬ್ಯಾಟರಿ ಸೇವರ್ ಆಫ್, ಐ ಕಂಫರ್ಟ್ (ನೀಲಿ ಬೆಳಕು ತಗ್ಗಿಸೋ ಸೆಟ್ಟಿಂಗ್) ಆಫ್, ಸ್ಕ್ರೀನ್ ಕಲರ್ 'ನ್ಯಾಚುರಲ್'ನಿಂದ 'ವಿವಿಡ್'ಗೆ. ಮೂರನೆಯದರಲ್ಲೇ ಹೆಚ್ಚು ವ್ಯತ್ಯಾಸ. ಬೆಳಕು ಅಷ್ಟೇ ಇದ್ದರೂ ಗಾಢ ಬಣ್ಣ ಕಣ್ಣಿಗೆ ಹೆಚ್ಚು ಪ್ರಕಾಶಮಾನವಾಗಿ ಕಾಣುತ್ತೆ. ಪ್ರೈವಸಿ ಗ್ಲಾಸ್ (ಪಕ್ಕದವರಿಗೆ ಸ್ಕ್ರೀನ್ ಕಾಣದಂತೆ ಅಂಟಿಸೋ ಗ್ಲಾಸ್) ತೆಗೆಯಿರಿ ಅಂದವರೂ ಸರಿ, ಅದು ಎದುರಿನಿಂದ ನೋಡಿದರೂ ಬೆಳಕು ನುಂಗುತ್ತೆ.

ಬ್ರೈಟ್‌ನೆಸ್ ಬೂಸ್ಟರ್ ಆ್ಯಪ್ ಶುದ್ಧ ದಂಡ. ಹಾರ್ಡ್‌ವೇರ್ ಮಿತಿ ದಾಟಿಸೋದು ಅದರ ಕೈಲಾಗಲ್ಲ.

'ಆಟೋ ಬ್ರೈಟ್‌ನೆಸ್ ಆಫ್ ಮಾಡಿ' ಅನ್ನೋ ಸಲಹೆ ಮನೆಯೊಳಗೆ ಸರಿ, ಬಿಸಿಲಿನಲ್ಲಿ ಉಲ್ಟಾ! ಹಲವು ಫೋನ್‌ಗಳಲ್ಲಿ ಗರಿಷ್ಠ ಬೆಳಕು ಸಿಗೋದು ಆಟೋ ಆನ್ ಇದ್ದು, ಸೆನ್ಸರ್‌ಗೆ ಜೋರು ಬೆಳಕು ಬಿದ್ದಾಗ ಮಾತ್ರ. ಅದೂ ಸ್ವಲ್ಪ ಹೊತ್ತು. ಫೋನ್ ಬಿಸಿಯಾದರೆ ತಾನೇ ಇಳಿಸುತ್ತೆ.

ಡೆಮೊ ಮೋಡ್‌ನಲ್ಲಿ ಸಾಮಾನ್ಯವಾಗಿ ಬ್ರೈಟ್‌ನೆಸ್ ಏರಿಸಿಟ್ಟಿರುತ್ತಾರೆ, ಸ್ಕ್ರೀನ್ ಆರಲ್ಲ, ಚಾರ್ಜರ್ ಸದಾ ಚುಚ್ಚಿರುತ್ತೆ. ವಿಡಿಯೋ ಆಯ್ಕೆಯಲ್ಲೂ ಜಾಣತನ: ಕಪ್ಪು ಹಿನ್ನೆಲೆ, ನಡುವೆ ಸಣ್ಣ ಹೊಳಪು. ಒಎಲ್‌ಇಡಿಯಲ್ಲಿ (ಪ್ರತಿ ಪಿಕ್ಸೆಲ್, ಅಂದರೆ ಚುಕ್ಕಿ, ತಾನೇ ಬೆಳಗೋ ಸ್ಕ್ರೀನ್) ಉರಿಯುವ ಪಿಕ್ಸೆಲ್ ಕಡಿಮೆಯಿದ್ದಷ್ಟೂ ಅವಕ್ಕೆ ಹೆಚ್ಚು ವಿದ್ಯುತ್ ಕೊಡಬಹುದು. ಪೂರ್ತಿ ಬಿಳಿ ಪುಟ ತೆರೆದರೆ ಆ ಡೆಮೊ ಫೋನೂ ಮಂಕಾಗಬಹುದು. ಹೋಲಿಸೋರು ಎರಡರಲ್ಲೂ ಒಂದೇ ಬಿಳಿ ಚಿತ್ರ ಹಾಕಿ ನೋಡಿ.